ತೂಬಿನ ಬಾಗಿಲಿನ ಮೇಲೆ ನೀರಿನ ಬಲವನ್ನು ಲೆಕ್ಕ ಹಾಕುವ ಬಗೆ

ಕೆರೆಯ ತೂಬಿಗೆ ಬಾಗಿಲು ಕೂರಿಸುವ ಮೊದಲು, ನೀರು ಅದನ್ನು ಎಷ್ಟು ಬಲದಿಂದ ಒತ್ತುತ್ತದೆ ಮತ್ತು ಆ ಬಲ ಯಾವ ಬಿಂದುವಿನ ಮೇಲೆ ಬೀಳುತ್ತದೆ ಎಂಬುದು ತಿಳಿದಿರಬೇಕು. ಮೊದಲನೆಯದು ಸುಲಭ, ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ.

1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಆಯತಾಕಾರದ ಬಾಗಿಲೊಂದು ನೆಟ್ಟಗೆ ನಿಂತಿದೆ, ಅದರ ಮೇಲಂಚು ನೀರಿನ ಮಟ್ಟದಿಂದ 3 ಮೀಟರ್ ಕೆಳಗಿದೆ, ಹೊರಬದಿಯಲ್ಲಿ ನೀರಿಲ್ಲ ಎಂದುಕೊಳ್ಳೋಣ. ವಾಯುವಿನ ಒತ್ತಡ ಎರಡೂ ಬದಿಗಳಲ್ಲಿ ಇರುವುದರಿಂದ ಅದನ್ನು ಬಿಟ್ಟುಬಿಡಬಹುದು. ಆಳಕ್ಕೆ ತಕ್ಕಂತೆ ಒತ್ತಡವೂ ಸಮಪ್ರಮಾಣದಲ್ಲಿ ಏರುವ ಕಾರಣ, ಬಾಗಿಲಿನ ನಡುಬಿಂದುವಿನ ಒತ್ತಡವೇ ಅದರ ಸರಾಸರಿ ಒತ್ತಡ. ಆ ಬಿಂದುವಿನ ಆಳ 3.75 ಮೀಟರ್. ಒಂದು ಘನ ಮೀಟರ್ ನೀರಿನ ತೂಕವಾದ 9.81 ಕಿಲೋನ್ಯೂಟನ್ನನ್ನು ಈ ಆಳದಿಂದಲೂ, 1.8 ಚದರ ಮೀಟರ್ ವಿಸ್ತೀರ್ಣದಿಂದಲೂ ಗುಣಿಸಿದರೆ ಸುಮಾರು 66.2 ಕಿಲೋನ್ಯೂಟನ್, ಅಂದರೆ ಆರೂಮುಕ್ಕಾಲು ಟನ್ ಭಾರದಷ್ಟು ಬಲ ಸಿಗುತ್ತದೆ. ಕೆರೆ ಎಷ್ಟು ಎಕರೆ ಹರಡಿದೆ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಅಷ್ಟೇ ಆಳದ ಬಾವಿಯಲ್ಲಿಯೂ ಬಲ ಇಷ್ಟೇ.

ಈ ಬಲ ಬೀಳುವ ಬಿಂದುವಿಗೆ ಒತ್ತಡ ಕೇಂದ್ರ ಎನ್ನುತ್ತಾರೆ. ಬಾಗಿಲಿನ ಕೆಳಭಾಗದಲ್ಲಿ ಒತ್ತಡ ಹೆಚ್ಚಿರುವುದರಿಂದ ಅದು ನಡುಬಿಂದುವಿಗಿಂತ ಕೆಳಗಿರುತ್ತದೆ. ಎಷ್ಟು ಕೆಳಗೆ ಎಂದು ತಿಳಿಯಲು, ನಡುಬಿಂದುವಿನ ಮೂಲಕ ಹಾಯುವ ಅಡ್ಡ ಅಕ್ಷದ ಸುತ್ತಲಿನ ಮೊಮೆಂಟ್ ಆಫ್ ಇನರ್ಷಿಯಾವನ್ನು, ಅಂದರೆ ಬಾಗಿಲಿನ ವಿಸ್ತೀರ್ಣ ಆ ಅಕ್ಷದಿಂದ ಎಷ್ಟು ದೂರಕ್ಕೆ ಹರಡಿದೆ ಎಂಬುದರ ಅಳತೆಯನ್ನು, ವಿಸ್ತೀರ್ಣ ಮತ್ತು ನಡುಬಿಂದುವಿನ ಆಳ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ಆಯತಕ್ಕೆ ಈ ಮೊಮೆಂಟ್ ಅಗಲ × ಎತ್ತರ³ ÷ 12, ಇಲ್ಲಿ 0.3375, ಅದನ್ನು 6.75ರಿಂದ ಭಾಗಿಸಿದರೆ 0.05 ಮೀಟರ್, ಅಂದರೆ ಬರೀ 5 ಸೆಂಟಿಮೀಟರ್.

ನೀರು ಬಾಗಿಲಿನ ಮೇಲಂಚಿನವರೆಗೆ ಇಳಿದರೆ ಬಲ 13.24 ಕಿಲೋನ್ಯೂಟನ್ನಿಗೆ ತಗ್ಗುತ್ತದೆ, ಆದರೆ ಅಂತರ 25 ಸೆಂಟಿಮೀಟರಿಗೆ ಏರುತ್ತದೆ. ಎರಡೂ ಸಂದರ್ಭಗಳಲ್ಲಿ ಬಲವನ್ನು ಅಂತರದಿಂದ ಗುಣಿಸಿ ನೋಡಿ: ಎರಡಕ್ಕೂ 3.31 ಕಿಲೋನ್ಯೂಟನ್-ಮೀಟರ್. ಹಾಗಾಗಿ ನಡುವಿನಲ್ಲಿ ತಿರುಗುಕೀಲು ಇರುವ ಬಾಗಿಲು ಪೂರ್ತಿ ಮುಳುಗಿರುವವರೆಗೂ, ಮಟ್ಟ ಎಷ್ಟೇ ಏರಿಳಿದರೂ, ನೀರು ಅದನ್ನು ತಿರುಗಿಸುವ ಪ್ರಯತ್ನ ಬದಲಾಗುವುದಿಲ್ಲ. ಕೀಲು ಸವೆಯುವುದು ಮಾತ್ರ ಪೂರ್ಣ ಬಲಕ್ಕೆ ತಕ್ಕಂತೆಯೇ.

ಬಾಗಿಲು ಓರೆಯಾಗಿದ್ದರೆ ಬಲದ ಸೂತ್ರ ಅದೇ ಆದರೂ, ನಡುಬಿಂದುವಿನ ಆಳವನ್ನು ಓರೆಯ ಉದ್ದಕ್ಕೂ ಅಳೆಯದೆ ನೇರವಾಗಿ ಕೆಳಕ್ಕೆ ಅಳೆಯಬೇಕು. ನಡುಬಿಂದುವಿನಿಂದ ಒತ್ತಡ ಕೇಂದ್ರಕ್ಕೆ ನೇರವಾಗಿ ಕೆಳಕ್ಕೆ ಇರುವ ಅಂತರ ಬೇಕಾದರೆ, ಮೇಲಿನ ಸೂತ್ರದಿಂದ ಬಂದ ಅಂತರವನ್ನು, ಬಾಗಿಲು ನೀರಿನ ಮಟ್ಟದೊಂದಿಗೆ ಮಾಡುವ ಕೋನದ ಸೈನ್ ವರ್ಗದಿಂದ ಗುಣಿಸಬೇಕು.