ನೀವಿರುವುದು ಇಂಗ್ಲೆಂಡೋ, ಬ್ರಿಟನ್ನೋ, ಯುಕೆಯೋ? ಸ್ಕಾಟ್ಲೆಂಡಿಗೆ ಬಂದ ಹೊಸಬರಿಗೆ

ಎಡಿನ್‌ಬರೋಗೋ ಗ್ಲಾಸ್ಗೋಗೋ ಹೊಸದಾಗಿ ಬಂದಿದ್ದೀರಾ? ಬಾಡಿಗೆ ಮನೆ, ಬ್ಯಾಂಕ್ ಖಾತೆ, ಸೋನಾ ಮಸೂರಿ ಸಿಗುವ ಅಂಗಡಿ, ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಈ ದೇಶದ ಹೆಸರಿನ ಬಗ್ಗೆ ಹೇಳುತ್ತೇನೆ. ಊರಿಂದ ಫೋನ್ ಬಂದಾಗ "ಇಂಗ್ಲೆಂಡಲ್ಲಿ ಚಳಿ ಹೇಗಿದೆ?" ಅಂತ ಕೇಳುತ್ತಾರೆ. ಮನೆಯವರ ಜೊತೆ ಆ ಮಾತು ನಡೆಯುತ್ತದೆ. ಆದರೆ ಆಫೀಸಿನಲ್ಲಿ, ಪಕ್ಕದ ಮನೆಯವರ ಮುಂದೆ ಸ್ಕಾಟ್ಲೆಂಡನ್ನು ಇಂಗ್ಲೆಂಡ್ ಅನ್ನಬೇಡಿ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಇರುವ ದೊಡ್ಡ ದ್ವೀಪ ಗ್ರೇಟ್ ಬ್ರಿಟನ್. ಅದಕ್ಕೆ ಉತ್ತರ ಐರ್ಲೆಂಡ್ ಸೇರಿದರೆ ಯುನೈಟೆಡ್ ಕಿಂಗ್‌ಡಮ್, ಅಂದರೆ ಯುಕೆ. ಇಲ್ಲಿ ಗ್ರೇಟ್ ಅಂದರೆ ಗಾತ್ರದಲ್ಲಿ ದೊಡ್ಡದು ಅಂತಷ್ಟೇ. ಹಿಂದೆ ಈ ದ್ವೀಪದಿಂದ ಫ್ರಾನ್ಸಿನ ಕಡೆಗೆ ಹೋಗಿ ನೆಲೆಸಿದವರಿಂದ ಅಲ್ಲಿಯ ಬ್ರಿಟನಿ ಪ್ರದೇಶಕ್ಕೂ ಇದೇ ಹೆಸರು ಬಂತು. ಎರಡನ್ನೂ ಬೇರೆ ಮಾಡಿ ಹೇಳಲು ಇದು ದೊಡ್ಡ ಬ್ರಿಟನ್ ಆಯಿತು. 1707ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಸಂಸತ್ತುಗಳು ಒಂದಾದವು. 1801ರಲ್ಲಿ ಐರ್ಲೆಂಡ್ ಸೇರಿತು, 1922ರಲ್ಲಿ ಅದರ ಹೆಚ್ಚಿನ ಭಾಗ ಬೇರೆಯಾಯಿತು.

ಸಂಸತ್ತು ಒಂದಾದರೂ ಸ್ಕಾಟ್ಲೆಂಡ್ ತನ್ನ ಕಾನೂನು, ಕೋರ್ಟು, ಚರ್ಚು, ಶಾಲೆಗಳನ್ನು ಬಿಟ್ಟುಕೊಡಲಿಲ್ಲ. 1999ರಿಂದ ಎಡಿನ್‌ಬರೋದಲ್ಲಿ ಅದರದ್ದೇ ಪಾರ್ಲಿಮೆಂಟ್ ಮತ್ತೆ ನಡೆಯುತ್ತಿದೆ. ಹಾಗಿರುವಾಗ ಇಲ್ಲಿಯವರನ್ನು ಇಂಗ್ಲಿಷ್ ಅಂದರೆ, ದೆಹಲಿಯಲ್ಲಿ ಕನ್ನಡದವರನ್ನು ಮದ್ರಾಸಿ ಅಂದ ಹಾಗೆ. ನಮಗೆ ಹೇಗನ್ನಿಸುತ್ತದೆ ಅಂತ ಗೊತ್ತೇ ಇದೆ ಅಲ್ವಾ? ಜನರಿಗೆ ಸ್ಕಾಟಿಷ್ ಅನ್ನಿ. ಸ್ಕಾಚ್ ಅನ್ನೋದು ವಿಸ್ಕಿಗೆ, ಕೆಲವು ತಿಂಡಿಗಳಿಗೆ. ಬ್ರಿಟಿಷ್ ಅನ್ನುವ ಮಾತನ್ನು ಕೆಲವರು ಖುಷಿಯಿಂದ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. 2014ರ ಜನಮತದಲ್ಲಿ ಸುಮಾರು 55 ಶೇಕಡಾ ಜನ ಯುಕೆಯಲ್ಲೇ ಇರೋಣ ಅಂದರು, 45 ಶೇಕಡಾ ಜನ ಬೇರೆಯಾಗೋಣ ಅಂದರು. ನಿಮ್ಮ ಟೀಮಿನಲ್ಲೂ ಎರಡೂ ಕಡೆಯವರು ಇರಬಹುದು. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ನೀವೂ ಹೇಳಿ.

ನಮ್ಮ ಚರಿತ್ರೆಯಲ್ಲೂ ಈ ಗೊಂದಲ ಇದೆ. ನಾವು ಸುಮ್ನೆ 'ಇಂಗ್ಲಿಷರು' ಅನ್ನುವವರಲ್ಲಿ ಎಷ್ಟೋ ಜನ ಇಲ್ಲಿಯವರು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕೊನೆಯ ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟಿಷ್. ಆಮೇಲೆ ಕೆನರಾ ಜಿಲ್ಲೆಯ ಕಲೆಕ್ಟರ್ ಆದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಮೈಸೂರು ಸೀಮೆಯನ್ನು ಸರ್ವೆ ಮಾಡಿಸಿದ ಕಾಲಿನ್ ಮೆಕೆಂಜಿಯ ಊರು ಲೂಯಿಸ್ ದ್ವೀಪದ ಸ್ಟಾರ್ನೋವೇ. ಮಾತಿಗೆ ದಾರಿ ಹುಡುಕುತ್ತಿದ್ದರೆ ಇದನ್ನು ಹೇಳಿ ನೋಡಿ, ಇಲ್ಲಿಯವರು ಆಸಕ್ತಿಯಿಂದ ಕೇಳುತ್ತಾರೆ.

ಇನ್ನು ದಿನದ ಬದುಕು. ಹೆಸರು ತಪ್ಪಿದರೆ ನಿಜವಾಗಿ ತೊಂದರೆ ಆಗುವುದು ಇಲ್ಲೇ. ಗೂಗಲ್‌ನಲ್ಲಿ ಯುಕೆ ಅಂತ ಹುಡುಕಿದರೆ ಮೊದಲು ಬರುವುದು ಸಾಮಾನ್ಯವಾಗಿ ಇಂಗ್ಲೆಂಡಿನ ನಿಯಮ. ವೀಸಾ, ಪಾಸ್‌ಪೋರ್ಟ್, ನ್ಯಾಷನಲ್ ಇನ್ಶೂರೆನ್ಸ್ ಇಡೀ ಯುಕೆಗೆ ಒಂದೇ. ಆದಾಯ ತೆರಿಗೆಯ ದರ ಮಾತ್ರ ಸ್ಕಾಟ್ಲೆಂಡಿನದ್ದು ಬೇರೆ. ಸಂಬಳದ ಚೀಟಿ ತೆಗೆದು ನೋಡಿ, ಟ್ಯಾಕ್ಸ್ ಕೋಡ್ 'ಎಸ್' ಅಕ್ಷರದಿಂದ ಶುರುವಾಗಬೇಕು. ಇಲ್ಲದಿದ್ದರೆ ನಿಮ್ಮ ವಿಳಾಸ ತೆರಿಗೆ ಇಲಾಖೆಗೆ ಸರಿಯಾಗಿ ಹೋಗಿದೆಯಾ ಅಂತ ಕೇಳಿ. ವೇಲ್ಸ್‌ನಲ್ಲಿದ್ದರೆ ಆ ಅಕ್ಷರ 'ಸಿ'.

ಬಾಡಿಗೆ ಮನೆಗೂ ಇಲ್ಲಿ ಬೇರೆ ಕಾನೂನು. 2017ರ ಡಿಸೆಂಬರ್‌ನಿಂದ ಶುರುವಾದ ಬಾಡಿಗೆ ಕರಾರುಗಳಿಗೆ ಸಾಮಾನ್ಯವಾಗಿ ಇಷ್ಟು ತಿಂಗಳು ಅನ್ನುವ ಕೊನೆಯ ದಿನ ಇರುವುದಿಲ್ಲ. ಮನೆ ಮಾಲೀಕರು ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವಂತಿಲ್ಲ. ಆ ದುಡ್ಡನ್ನು ಸರ್ಕಾರ ಒಪ್ಪಿದ ಡಿಪಾಸಿಟ್ ಸ್ಕೀಮಿನಲ್ಲಿ ಇಡಲೇಬೇಕು. ಲಂಡನ್‌ನಲ್ಲಿರುವ ಗೆಳೆಯರು ಹೇಳಿದ ನಿಯಮ ನಂಬಿ ಸಹಿ ಹಾಕಬೇಡಿ.

ಮಕ್ಕಳಿದ್ದರೆ ಇನ್ನೂ ಗಮನ ಇರಲಿ. ಇಲ್ಲಿ ಶಾಲೆ ಆಗಸ್ಟ್ ಮಧ್ಯದಲ್ಲೇ ಶುರು. ಇಲ್ಲಿಯ ಪ್ರೈಮರಿ ಒನ್ ಮತ್ತು ಇಂಗ್ಲೆಂಡಿನ ಇಯರ್ ಒನ್ ಒಂದೇ ತರಗತಿ ಅಲ್ಲ. ಯೂನಿವರ್ಸಿಟಿಗೆ ಸೇರಲು ದೊಡ್ಡ ಮಕ್ಕಳು ಬರೆಯುವುದು ಇಂಗ್ಲೆಂಡಿನ ಎ ಲೆವೆಲ್ ಬದಲು ಸಾಮಾನ್ಯವಾಗಿ ಹೈಯರ್ಸ್ ಪರೀಕ್ಷೆ. ಡಾಕ್ಟರ್ ಬರೆದ ಔಷಧಿಗೆ 2011ರಿಂದ ಇಲ್ಲಿ ದುಡ್ಡಿಲ್ಲ, ಇಂಗ್ಲೆಂಡಿನಲ್ಲಿ ಅನೇಕರು ಕೊಡಬೇಕು. ಜನವರಿ 2 ಇಲ್ಲಿ ರಜೆ, ಅಲ್ಲಿ ಇಲ್ಲ. ಇಲ್ಲಿಯ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಹೊರಡಿಸುತ್ತವೆ. ನೋಟು ಸಾಚಾನೇ, ಆದರೂ ಗಡಿ ದಾಟಿದರೆ ಕೆಲವು ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ. ಇಂಗ್ಲೆಂಡಿಗೆ ಹೋಗುವಾಗ ಕಾರ್ಡ್ ಇಟ್ಟುಕೊಳ್ಳಿ.

ಕ್ರಿಕೆಟ್ ಬಗ್ಗೆಯೂ ಒಂದು ಮಾತು. ಇಂಗ್ಲೆಂಡ್ ತಂಡ ಇಂಗ್ಲೆಂಡ್ ಮತ್ತು ವೇಲ್ಸ್‌ನದ್ದು, ಸ್ಕಾಟ್ಲೆಂಡಿಗೆ ಅದರದ್ದೇ ತಂಡ ಇದೆ. ಭಾರತ ಗೆದ್ದ ಮರುದಿನ ಇಲ್ಲಿಯ ಸಹೋದ್ಯೋಗಿಗೆ "ನಿಮ್ಮವರು ಸೋತರು" ಅನ್ನುವ ಮಾತು ಬೇಡ.

ಕೊನೆಗೆ ಐರ್ಲೆಂಡ್. ಬೆಲ್‌ಫಾಸ್ಟ್ ಯುಕೆಯಲ್ಲಿದೆ, ನಿಮ್ಮ ಯುಕೆ ವೀಸಾ ಅಲ್ಲಿ ಸಾಕು. ಡಬ್ಲಿನ್ ಇರುವುದು ಬೇರೆಯೇ ದೇಶದಲ್ಲಿ. ಎರಡರ ನಡುವಿನ ರಸ್ತೆಯಲ್ಲಿ ಗೇಟಿಲ್ಲ, ಸಾಲು ನಿಲ್ಲಿಸುವವರಿಲ್ಲ. ಹಾಗಂತ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಸುಮ್ನೆ ದಾಟುವಂತಿಲ್ಲ. ಬಸ್ಸು, ರೈಲುಗಳಲ್ಲಿ ಐರಿಷ್ ಪೊಲೀಸರು ಒಮ್ಮೊಮ್ಮೆ ದಾಖಲೆ ಕೇಳುತ್ತಾರೆ. ಕೆಲಸದ ಅಥವಾ ಓದಿನ ವೀಸಾದಲ್ಲಿ ಇರುವವರು ಐರ್ಲೆಂಡಿನ ವೀಸಾ ಬೇರೆಯಾಗಿ ತೆಗೆಯಬೇಕು. ನೋಡಲು ಬಂದ ಅಪ್ಪ ಅಮ್ಮನ ವಿಸಿಟರ್ ವೀಸಾದಲ್ಲಿ 'ಬಿಐವಿಎಸ್' (BIVS, ಬ್ರಿಟಿಷ್ ಐರಿಷ್ ವೀಸಾ ಸ್ಕೀಮ್) ಅನ್ನುವ ಗುರುತಿದ್ದರೆ ಅವರು ಯುಕೆಯಿಂದ ಅಲ್ಲಿಗೂ ಹೋಗಿಬರಬಹುದು. ಟಿಕೆಟ್ ತೆಗೆಯುವ ಮೊದಲೇ ಆ ಗುರುತು ಇದೆಯಾ ನೋಡಿಕೊಳ್ಳಿ.