ಕ್ರೋನ್ಸ್ ಇದ್ದೂ ನನ್ನ ವಿಟಮಿನ್ ಡಿ 38ಕ್ಕೆ ಏರಿದ್ದು ಹೀಗೆ

ನನಗೆ ಕ್ರೋನ್ಸ್, ಅಂದರೆ ಕರುಳಿನಲ್ಲಿ ಉರಿಯೂತ ಬಂದು ಬಂದು ಹೋಗುವ ಕಾಯಿಲೆ. ಹೋದ ತಿಂಗಳು ರಕ್ತದ ರಿಪೋರ್ಟ್ ಬಂತು. ವಿಟಮಿನ್ ಡಿ 38. ವರ್ಷಗಟ್ಟಲೆ 20ರ ಮೇಲೆ ನಿಲ್ಲದೇ ಇದ್ದದ್ದು! "ಕರುಳು ತೆಗೆಸಿದವರಿಗೆ ಬಾಯಿಂದ ತಗೊಂಡರೆ ಹತ್ತಲ್ಲ, ಇಂಜೆಕ್ಷನ್ನೇ ಗತಿ" ಅಂದವರಿಗೆಲ್ಲ ಅದರ ಫೋಟೋ ಕಳಿಸಿದೆ.

2017ರಲ್ಲಿ ನನ್ನ ಸಣ್ಣ ಕರುಳಿನ ತುದಿ ಸುಮಾರು ಒಂದಡಿ ತೆಗೆದರು. ಅದಕ್ಕೂ ಮೊದಲು ಮೂರು ಸಲ ಸ್ಟೀರಾಯ್ಡ್ ಆಗಿತ್ತು, ಅದು ಮೂಳೆ ಸವೆಸುತ್ತೆ. 34ನೇ ವಯಸ್ಸಿಗೆ ಡೆಕ್ಸಾದಲ್ಲಿ, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನಿನಲ್ಲಿ, ಬೆನ್ನುಮೂಳೆಯ ಜೆಡ್ ಸ್ಕೋರ್ −2.2. (ಜೆಡ್ ಅಂದರೆ ನಮ್ಮದೇ ವಯಸ್ಸಿನ ಗಂಡಸರ ಸರಾಸರಿಗೆ ಹೋಲಿಸಿದ ಲೆಕ್ಕ. ಸೊನ್ನೆಯಿಂದ ಕೆಳಗೆ ಹೋದಷ್ಟೂ ಮೂಳೆ ತೆಳು.)

ಮೂಳೆಗೆ ಕ್ಯಾಲ್ಸಿಯಂ ಹತ್ತೋಕೆ ಡಿ ಬೇಕು. ಅದನ್ನು ಏರಿಸೋಕೆ ಮೊದಲು ಎಳೆಬಿಸಿಲು. ನಾಲ್ಕು ತಿಂಗಳು ಬೆಳಗ್ಗೆ ಏಳಕ್ಕೆ ತಾರಸಿ ಮೇಲೆ ನಿಂತೆ. 16 ಇದ್ದದ್ದು 15 ಆಯಿತು. ಚರ್ಮದಲ್ಲಿ ಡಿ ಹುಟ್ಟಿಸುವ ಕಿರಣ ಆ ಹೊತ್ತಿನಲ್ಲಿ ತೀರಾ ಕಡಿಮೆ. ಮಧ್ಯಾಹ್ನ ನಿಲ್ಲೋಣ ಅಂದರೆ ನಾನು ಕ್ರೋನ್ಸ್‌ಗೆ ಅಜಾಥಿಯೋಪ್ರಿನ್ ಅನ್ನೋ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವನು. ಆ ಮಾತ್ರೆಯವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರಿನ ಭಯ ಜಾಸ್ತಿ. ಬೇಡವೇ ಬೇಡ ಅಂದರು ಡಾಕ್ಟರು. ಬಿಟ್ಟೆ.

ಆಮೇಲೆ 6 ಲಕ್ಷ ಯೂನಿಟ್ಟಿನ ಡಿ ಇಂಜೆಕ್ಷನ್. 28ಕ್ಕೆ ಹಾರಿತು, ಐದು ತಿಂಗಳಲ್ಲಿ ಮತ್ತೆ 18. ಮುಂದೆ ಬಾಯಿಂದ ತಗೊಳ್ಳುವ 60,000 ಯೂನಿಟ್ಟಿನ ಡಿ ಸ್ಯಾಚೆಟ್, ವಾರಕ್ಕೊಂದರಂತೆ ಹನ್ನೆರಡು ವಾರ. ಬಂದದ್ದು 17. ಒಂದೊಂದು ಟೆಸ್ಟಿಗೂ 1,400, 1,500 ರೂಪಾಯಿ. ಇನ್ನು ಡೆಕ್ಸಾದ ಕಥೆ. 800 ರೂಪಾಯಿ ಉಳಿಯುತ್ತೆ ಅಂತ ಬೇರೆ ಕಡೆ ಮಾಡಿಸಿದೆ. −2.6 ಅಂತ ಬಂತು. ಮೂರು ರಾತ್ರಿ ನಿದ್ದೆಯಿಲ್ಲ. ಬೇರೆ ಮೆಷಿನ್ನಿನ ಲೆಕ್ಕವನ್ನು ಹಳೆಯದರ ಜೊತೆ ಹೋಲಿಸೋಕೆ ಬರಲ್ಲ ಅಂತ ಆಮೇಲೆ ಗೊತ್ತಾಯಿತು. ಕೊಟ್ಟ ದುಡ್ಡು ಸುಮ್ನೆ ಹೋಯಿತು. ಎರಡು ವರ್ಷದಲ್ಲಿ ಎಲ್ಲ ಸೇರಿ 25,000 ದಾಟಿರಬೇಕು.

ಒಂದು ಭಾನುವಾರ ಬೆಳಗ್ಗೆ ಅಡುಗೆ ಕಟ್ಟೆ ಮೇಲೆ ಎರಡು ಲೋಟ ಅಕ್ಕಪಕ್ಕ ಇದ್ದವು. ಒಂದರಲ್ಲಿ ಕೊಲೆಸ್ಟಿರಮೈನ್ ಪುಡಿ, ನೀರಿನ ತಳದಲ್ಲಿ ಮರಳಿನ ಹಾಗೆ ಕೂತಿತ್ತು. ಆಪರೇಷನ್ ಆದಮೇಲೆ ಶುರುವಾದ ಭೇದಿಗೆ ಕೊಟ್ಟದ್ದು. ಇನ್ನೊಂದರಲ್ಲಿ ಹಾಲಿಗೆ ಹಾಕಿದ ಡಿ. ಆ ಪುಡಿಯ ಕೆಲಸವೇ ಪಿತ್ತರಸವನ್ನು ಹಿಡಿದು ಹೊರಗೆ ಹಾಕೋದು. ಕೊಬ್ಬಿನ ಜೊತೆ ಹೋಗುವ ಡಿಯನ್ನೂ ಅದು ಬಿಡಲ್ಲ. ನಾನು ಎರಡನ್ನೂ ಹತ್ತು ನಿಮಿಷದ ಅಂತರದಲ್ಲಿ ಕುಡಿಯುತ್ತಿದ್ದೆ! ಅಷ್ಟು ವರ್ಷದಲ್ಲಿ ಯಾವುದನ್ನು ಎಷ್ಟು ಹೊತ್ತಿಗೆ ತಗೋತೀಯ ಅಂತ ಯಾರೂ ಕೇಳಿರಲಿಲ್ಲ.

ಡಾಕ್ಟರಿಗೆ ಹೇಳಿ ಹೊತ್ತು ಬದಲಿಸಿದೆ. ಪುಡಿ ಬೆಳಗ್ಗೆ ಆರೂವರೆಗೆ. ಸ್ಯಾಚೆಟ್ ಭಾನುವಾರ ಮಧ್ಯಾಹ್ನ ಒಂದೂವರೆಗೆ, ಮುದ್ದೆ ಬಸ್ಸಾರಿನ ಊಟಕ್ಕೆ ತುಪ್ಪ ಹಾಕಿಕೊಂಡ ಮೇಲೆ. "ಹೊತ್ತು ಬದಲಿಸಿದರೆ ಏನ್ ಸಾರ್ ಆಗುತ್ತೆ" ಅಂದ ಮೆಡಿಕಲ್ ಶಾಪಿನವನು. ಭಾವನೂ ಅದನ್ನೇ ಅಂದರು. ಮೊದಲೆರಡು ವಾರ ತುಪ್ಪ ತಿಂದ ಅರ್ಧ ಗಂಟೆಗೆ ಟಾಯ್ಲೆಟ್ಟಿಗೆ ಓಡಬೇಕಾಯಿತು. ಅರ್ಧ ಚಮಚದಿಂದ ಎರಡಕ್ಕೆ ಏರಿಸೋಕೆ ಒಂದೂವರೆ ತಿಂಗಳು ಹಿಡಿಯಿತು. ಅದಕ್ಕೆ ನನ್ನದೇ ಒಂದು ಕ್ರಮ ಇದೆ, ಅದು ನನ್ನ ಹತ್ತಿರವೇ ಇರಲಿ. ಹನ್ನೆರಡು ವಾರಕ್ಕೆ 29, ಇನ್ನು ಮೂರು ತಿಂಗಳಿಗೆ 38. ಈಗ ತಿಂಗಳಿಗೊಂದೇ ಸ್ಯಾಚೆಟ್. ರಕ್ತದ ಕ್ಯಾಲ್ಸಿಯಂ ನೋಡದೆ ನೀವೇ ಜಾಸ್ತಿ ಮಾಡಿಕೊಳ್ಳಬೇಡಿ.

ನಡುವೆ ಮೂಳೆಗೆ ಅಂತ ರಾಗಿಯ ಪ್ರಯೋಗವೂ ನಡೆಯಿತು. ನೂರು ಗ್ರಾಂನಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಅಲ್ವಾ? ಹೊಟ್ಟೆ ಕೆಟ್ಟಾಗ ಮುದ್ದೆ ಆಗಲ್ಲ. ಅದಕ್ಕೇ ಅಮ್ಮ ಮೊಳಕೆ ಕಟ್ಟಿ, ಒಣಗಿಸಿ, ಬೀಸಿಸಿ, ತೆಳು ಬಟ್ಟೆಯಲ್ಲಿ ಸೋಸಿ ಮಕ್ಕಳ ಸರಿ ಹಿಟ್ಟಿನ ಹಾಗೆ ಮಾಡಿಕೊಟ್ಟರು. ಹೊಟ್ಟೆಗೆ ಹಿತವಾಯಿತು. ಆದರೆ ಕ್ಯಾಲ್ಸಿಯಂ ಜಾಸ್ತಿ ಇರೋದು ಸಿಪ್ಪೆಯಲ್ಲಿ, ಬಟ್ಟೆಯಲ್ಲಿ ಉಳಿದು ಆಚೆ ಹೋದದ್ದೂ ಅದೇ. ಈಗ ಹೊಟ್ಟೆ ಚೆನ್ನಾಗಿದ್ದಾಗ ಮುದ್ದೆ, ಕೆಟ್ಟಾಗ ರಾಗಿ ಸರಿ ಮತ್ತು ಮೊಸರು.

ಹಳೆಯ ಮೆಷಿನ್ನಿನಲ್ಲೇ ಮೊನ್ನೆ ಮತ್ತೆ ಡೆಕ್ಸಾ ಮಾಡಿಸಿದೆ. −1.7. ಸ್ಟೀರಾಯ್ಡ್ ಇಲ್ಲದೆ ಮೂರು ವರ್ಷ ಕಳೆದದ್ದಕ್ಕೂ ಅದರಲ್ಲಿ ದೊಡ್ಡ ಪಾಲಿದೆ. ನಮ್ಮ ಡಾಕ್ಟರು ಈಗ ಯಾರಿಗೇ ಆ ಪುಡಿ ಬರೆದರೂ ಪಕ್ಕದಲ್ಲಿ ಗಂಟೆಯನ್ನೂ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಾರೆ.