ಎಣ್ಣಿ ಉಪ್ಪು ಕಮ್ಮಿ ಮಾಡಿದ್ರೂ ರುಚಿ ಉಳಿಬೇಕಂದ್ರ ಪುಂಡಿಪಲ್ಯ ಹಿಂಗ ಮಾಡ್ರಿ

ಹೋದ ವರ್ಷ ನಮ್ಮಪ್ಪಗ ಬಿಪಿ, ಶುಗರ್ ಎರಡೂ ಅದಾವಂತ ಗೊತ್ತಾಯ್ತು, ಡಾಕ್ಟ್ರು ಉಪ್ಪು ಎಣ್ಣಿ ಕಮ್ಮಿ ಮಾಡ್ರಿ ಅಂದ್ರು, ನಾನು ಮರುದಿನದಿಂದನೇ ಎಲ್ಲಾ ಸಪ್ಪಗ ಮಾಡಾಕ ಹತ್ತಿದೆ. ಮೂರು ದಿನ ಅಪ್ಪ ಅರ್ಧ ರೊಟ್ಟಿ ತಿಂದು ಎದ್ದು ಹೋದ್ರು. ನಾಕನೇ ದಿನ ಅವ್ವ ಕೇಳಿದ್ಲು, "ಎಣ್ಣಿ ತೆಗದಿ ಖರೆ, ಅದ್ರ ಜಾಗಕ್ಕ ಏನು ಹಾಕಿದಿ?"

ಅಲ್ಲಿಂದ ಶುರುವಾಯ್ತು ನೋಡ್ರಿ. ಹುಳಿ, ಹುರಿದ ವಾಸನಿ, ಬಳ್ಳೊಳ್ಳಿ, ಈ ಮೂರು ಸರಿ ಇದ್ರ ಎಣ್ಣಿ ನೆನಪೇ ಆಗಲ್ಲ, ಉಪ್ಪೂ ಕಮ್ಮಿ ಸಾಕಾಗ್ತದ. ನಮ್ಮ ಕಲಬುರಗಿ ಕಡಿ ಇದಕ್ಕ ಪುಂಡಿಪಲ್ಯಕ್ಕಿಂತ ಛಲೋ ಅಡಗಿ ಇಲ್ಲ. ಪುಂಡಿ ಅಂದ್ರ ಹುಳಿ ಸೊಪ್ಪು, ಗೋಂಗುರ ಅಂತಾರಲ್ಲ, ಅದೇ.

ನಾಕು ಮಂದಿಗೆ ಪುಂಡಿ ದೊಡ್ಡ ಕಟ್ಟು ಎರಡು, ತೊಗರಿಬ್ಯಾಳಿ ಅರ್ಧ ಕಪ್ಪು, ಜ್ವಾಳದ ನುಚ್ಚು ಎರಡು ಚಮಚ, ಶೇಂಗಾ ಒಂದು ಹಿಡಿ, ಹಸಿಮೆಣಸಿನಕಾಯಿ ಆರೇಳು, ಬಳ್ಳೊಳ್ಳಿ ಹನ್ನೆರಡು ಎಸಳು. ಬ್ಯಾಳಿ ನಮ್ಮೂರಿಂದೇ ತಗೋರಿ, ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಇದು ಈ ಕಡಿದೇ ಬೆಳಿ ಅನ್ನೋ ಸರ್ಕಾರಿ ಗುರುತು) ಸಿಕ್ಕದ, ಅದ್ರ ವಾಸನಿನೇ ಬ್ಯಾರೆ.

ಬ್ಯಾಳಿ, ನುಚ್ಚು, ಶೇಂಗಾ ಕೂಡಿಸಿ ಮೊದಲು ಮೆತ್ತಗ ಕುದಿಸ್ರಿ. ಪುಂಡಿ ಅದ್ರಾಗ ಈಗಲೇ ಹಾಕಬ್ಯಾಡ್ರಿ, ಹುಳಿ ಬಿದ್ರ ಬ್ಯಾಳಿ ಲಗೂನ ಬೇಯಂಗಿಲ್ಲ, ನಾನು ಭಾಳ ಸಲ ಇಲ್ಲೇ ತಪ್ಪು ಮಾಡೀನಿ. ಪುಂಡಿ ಎಲಿ ಬಿಡಿಸಿ, ಮೂರು ಸಲ ತೊಳದು, ಹಸಿಮೆಣಸಿನಕಾಯಿ ಜೋಡಿ ಬ್ಯಾರೆ ಪಾತ್ರೆದಾಗ ಬೇಯಿಸ್ರಿ. ಹಸಿರು ಎಲಿ ಐದು ನಿಮಿಷದಾಗ ಬಣ್ಣ ಬಿಟ್ಟು ಕುಗ್ಗಿ ಕೂಡ್ತದ. ಸ್ಟೀಲ್ ಪಾತ್ರೆ ಇಲ್ಲಾ ಮಣ್ಣಿನ ಗಡಿಗಿ ಆಗಬೇಕು, ಅಲ್ಯೂಮಿನಿಯಂದಾಗ ಹುಳಿ ಪದಾರ್ಥ ಬೇಯಿಸೋದು ಬ್ಯಾಡ. ಭಾಳ ಹುಳಿ ಅನಿಸಿದ್ರ ಬಸಿದ ನೀರು ಅರ್ಧ ತೆಗದು ಇಡ್ರಿ, ಕಡೀಗೆ ಬೇಕಾದ್ರ ಹಾಕಬಹುದು.

ಈಗ ಎರಡೂ ಕೂಡಿಸಿ ಕಡಗೋಲಿಂದ ಮಸಿರಿ. ಮಿಕ್ಸಿಗೆ ಹಾಕಬ್ಯಾಡ್ರಿ, ನುಣ್ಣಗಾದ್ರ ಅಂಬ್ಲಿ ಆಗ್ತದ, ಶೇಂಗಾ ಹಲ್ಲಿಗೆ ಸಿಗಬೇಕು. ಉಪ್ಪು ಈಗ, ದಿನಾ ಹಾಕೋದ್ರಾಗ ಅರ್ಧ. ದಿನಕ್ಕ ಒಬ್ಬರಿಗೆ ಎಲ್ಲಾ ಸೇರಿ 5 ಗ್ರಾಂ ಉಪ್ಪಿಗಿಂತ ಕಮ್ಮಿ ಇರಬೇಕಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ, ಅಂದ್ರ ಒಂದು ಟೀ ಚಮಚದಷ್ಟು, ಉಪ್ಪಿನಕಾಯಿ ಹಪ್ಪಳದ್ದೂ ಅದ್ರಾಗೇ ಲೆಕ್ಕ.

ಒಗ್ಗರಣಿ ಕಡೀಗೆ. ಎರಡೇ ಟೀ ಚಮಚ ಶೇಂಗಾ ಎಣ್ಣಿ, ಜೀರಿಗಿ ಸಾಸ್ವಿ ಸಿಡಿದ ಮ್ಯಾಲ ಉರಿ ಸಣ್ಣ ಮಾಡಿ, ಜಜ್ಜಿದ ಬಳ್ಳೊಳ್ಳಿ ಹಾಕಿ ಅಂಚು ಕೆಂಪಗಾಗೋ ತನಕ ನಿಂತು ನೋಡ್ರಿ, ಫೋನ್ ಹಿಡೀಬ್ಯಾಡ್ರಿ, ಕರ್ರಗಾದ್ರ ಕಹಿ ಬರ್ತದ. ಪಲ್ಯದ ಮ್ಯಾಲ ಸುರಿದು ತಕ್ಷಣ ಮುಚ್ಚಿ ಎರಡು ನಿಮಿಷ ಬಿಡ್ರಿ. ಮೊದಲೇ ಎಣ್ಣಿದಾಗ ಎಲ್ಲಾ ಹುರಿದ್ರ ಆ ವಾಸನಿ ಕುದಿಯೋದ್ರಾಗೇ ಹಾರಿ ಹೋಗ್ತದ, ಕಡೀಗೆ ಹಾಕಿದ್ದು ಮೂಗಿಗೆ ನೇರ ಬಡೀತದ, ಅದಕ್ಕೇ ಎರಡು ಚಮಚ ಸಾಕು.

ರೊಟ್ಟಿಗಂತೂ ಎಣ್ಣಿನೇ ಬೇಕಾಗಿಲ್ಲ. ಜ್ವಾಳದ ಹಿಟ್ಟು ಮಾತ್ರ ಹೊಸದಾಗಿ ಬೀಸಿದ್ದು ಇರ್ಲಿ, ಹಳೇದಾದ್ರ ಜಿಗಿ ಹೋಗಿ ಅಂಚು ಸೀಳ್ತದ.

ಬಾಜೂಕ ಅಗಸಿ ಹಿಂಡಿ ಇಡ್ರಿ. ಅಗಸಿ ಸಣ್ಣ ಉರಿ ಮ್ಯಾಲ ಚಟಚಟ ಅನ್ನೋ ತನಕ ಎಣ್ಣಿ ಇಲ್ಲದೇ ಹುರದು, ಆರಿಸಿ, ಖಾರಪುಡಿ ಜೀರಿಗಿ ಬಳ್ಳೊಳ್ಳಿ ಚೂರು ಹುಣಸಿಹಣ್ಣು ಹಾಕಿ ತರಿತರಿ ಕುಟ್ರಿ. ಇಡೀ ಅಗಸಿ ನುಂಗಿದ್ರ ಹಂಗೇ ಹೊರಗ ಹೋಗ್ತದ, ಕುಟ್ಟಿದ್ರೇ ಮೈಗೆ ಹತ್ತೋದು. ಮತ್ತ ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಸಿಕ್ಕರ ಹಕ್ಕರಿಕಿ ಸೊಪ್ಪು.

ಇಷ್ಟು ಮಾಡೀವಂತ ಬಿಪಿ ಗುಳಿಗಿ ಮಾತ್ರ ಬಿಡಬ್ಯಾಡ್ರಿ, ಡಾಕ್ಟ್ರಿಗೆ ಕೇಳೇ ಏನಿದ್ರೂ. ನಮ್ಮಪ್ಪ ಈಗ ಪುಂಡಿಪಲ್ಯ ಇದ್ದ ದಿನ ಎರಡೂವರೆ ರೊಟ್ಟಿ ತಿಂತಾರ, ಮ್ಯಾಲ ಉಪ್ಪು ಕೇಳಂಗಿಲ್ಲ.